ತಲೆ ಮೊದಲು, ಮೈ ಆಮೇಲೆ

ಅಮೆರಿಕದ ಅದೆಷ್ಟೋ ಮನೆಗಳ ಗ್ಯಾರೇಜಿನಲ್ಲಿ ಕಾರು ಇರುವುದಿಲ್ಲ. ಅದರ ಜಾಗದಲ್ಲಿ ಆಳೆತ್ತರ ಮೀರಿದ, ಸುಮಾರು ಒಂದು ಟನ್ ತೂಗುವ ಹಳೆಯ ಮಿಲ್ಲಿಂಗ್ ಮಷೀನ್ ನಿಂತಿರುತ್ತದೆ. ಅದರ ಮೈಮೇಲೆ ಬ್ರಿಡ್ಜ್‌ಪೋರ್ಟ್ ಎಂಬ ಹೆಸರಿರುತ್ತದೆ, ಇಲ್ಲವೇ ಅದು ಬ್ರಿಡ್ಜ್‌ಪೋರ್ಟಿನ ತದ್ರೂಪಾಗಿರುತ್ತದೆ. ಯಾವುದೋ ಕಾರ್ಖಾನೆಯಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ಬಂದ ಈ ಯಂತ್ರ ಮನೆ ಸೇರಿದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಹಿಂದಿನ ಕಾಲದ ಕಬ್ಬಿಣ ಗಟ್ಟಿ, ಅದಕ್ಕೇ ಬಾಳಿತು ಎನ್ನುವುದು ಒಂದು. ಕಾರ್ಖಾನೆಗಳು ಬಾಗಿಲು ಹಾಕಿದವು, ಗುಜರಿ ಬೆಲೆಗೆ ಸಿಕ್ಕಿತು ಎನ್ನುವುದು ಇನ್ನೊಂದು. ಎರಡರಲ್ಲೂ ನಿಜವಿದೆ. ಆದರೆ ಇದಕ್ಕಿಂತ ಗಟ್ಟಿಯಾಗಿದ್ದ, ಇದಕ್ಕಿಂತ ಅಗ್ಗಕ್ಕೆ ಹೋದ ಯಂತ್ರಗಳು ಕುಲುಮೆ ಸೇರಿ ಕರಗಿದವಲ್ಲ, ಅದಕ್ಕೇನು ಹೇಳುವುದು? ಈ ಯಂತ್ರ ಸುಮ್ಮನೆ ಉಳಿಯಲಿಲ್ಲ. ಒಂದೊಂದು ತಲೆಮಾರಿನಲ್ಲೂ ಹೊಸ ಅಂಗವೊಂದನ್ನು ಜೋಡಿಸಿಕೊಂಡು ಉಳಿಯಿತು. ಅದರ ಕಾರಣ ಅದು ಹುಟ್ಟಿದ ರೀತಿಯಲ್ಲೇ ಇದೆ ಎನ್ನುವುದು ನನ್ನ ವಾದ. ಬೇರೆಯವರ ಯಂತ್ರಕ್ಕೆ ಸಿಕ್ಕಿಸುವ ಒಂದು ಬಿಡಿಭಾಗವಾಗಿ ಅದು ಮೊದಲು ಮಾರುಕಟ್ಟೆಗೆ ಬಂತು. ಇಂದು ಮನೆಯ ವರ್ಕ್‌ಶಾಪಿನಲ್ಲಿ ಕೂತು ಅದಕ್ಕೆ ಡಿಜಿಟಲ್ ಅಳತೆಪಟ್ಟಿಯನ್ನೋ ಕಂಪ್ಯೂಟರನ್ನೋ ಸೇರಿಸುವವರು ಅದರ ಹುಟ್ಟುಗುಣವನ್ನೇ ಮುಂದುವರಿಸುತ್ತಿದ್ದಾರೆ.

ಲೇತ್‌ನಲ್ಲಿ ಕೆಲಸದ ತುಂಡು ತಿರುಗುತ್ತದೆ, ಟೂಲ್ ತಿರುಗುವುದಿಲ್ಲ. ಮಿಲ್ಲಿಂಗಿನಲ್ಲಿ ಹಲ್ಲುಗಳುಳ್ಳ ಕಟರ್ ತಿರುಗುತ್ತದೆ, ತುಂಡು ವೈಸಿನಲ್ಲಿ ಕಚ್ಚಿಕೊಂಡು ಟೇಬಲ್ ಜೊತೆ ಸರಿಯುತ್ತದೆ. ಈ ಕಸುಬು ದೊಡ್ಡದಾಗಿ ಬೆಳೆದದ್ದು ಹತ್ತೊಂಬತ್ತನೇ ಶತಮಾನದ ನ್ಯೂ ಇಂಗ್ಲೆಂಡಿನ ಬಂದೂಕು ಕಾರ್ಖಾನೆಗಳಲ್ಲಿ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ 1855ರಿಂದ ತಯಾರಾದ ಲಿಂಕನ್ ಮಿಲ್ಲರ್ ಬಂದೂಕಿಗೂ ಹೊಲಿಗೆ ಯಂತ್ರಕ್ಕೂ ಒಂದೇ ಅಚ್ಚಿನ ಬಿಡಿಭಾಗಗಳನ್ನು ಕತ್ತರಿಸಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ, ಅಂತರ್ಯುದ್ಧದ ನಡುವೆ, ಪ್ರಾವಿಡೆನ್ಸ್ ಊರಿನ ಜೋಸೆಫ್ ಬ್ರೌನ್ ಯುನಿವರ್ಸಲ್ ಮಿಲ್ಲಿಂಗ್ ಮಷೀನ್ ಕಟ್ಟಿದ. ಡ್ರಿಲ್ ಬಿಟ್ಟಿನ ಸುರುಳಿ ಗೀರನ್ನು ಅಲ್ಲಿಯವರೆಗೆ ಕೈಯಲ್ಲಿ ಅರದಿಂದ ಉಜ್ಜಿ ಮಾಡುತ್ತಿದ್ದರು. ಆ ಕೆಲಸ ತಪ್ಪಿಸುವುದಕ್ಕೆಂದು ಅದು ಹುಟ್ಟಿತು. ನೆಟ್ಟನೆಯ ಕಂಬ, ಅದರ ಮುಂದೆ ಮೇಲೆ ಕೆಳಗೆ ಜಾರುವ ಮೊಣಕಾಲಿನಂಥ ಆಧಾರ, ಆಧಾರದ ಮೇಲೆ ಟೇಬಲ್ ಎಂಬ ಅಂಗರಚನೆ ಅಲ್ಲಿಂದ ಬಂತು. ಆ ಆಧಾರಕ್ಕೆ ಇವತ್ತಿಗೂ ‘ನೀ’ ಎಂದೇ ಹೆಸರು. ಆದರೆ ಈ ಯಂತ್ರಗಳಲ್ಲಿ ಕಟರನ್ನು ತಿರುಗಿಸುವ ಸ್ಪಿಂಡಲ್ ಅಡ್ಡಡ್ಡ ಇರುತ್ತಿತ್ತು. ಒಂದೇ ನಮೂನೆಯ ಸಾವಿರ ತುಂಡು ಕತ್ತರಿಸಲು ಅದು ಚೆನ್ನ. ಡೈ, ಅಚ್ಚು, ಪ್ಯಾಟರ್ನ್ ಮಾಡುವವನಿಗೆ ಬೇಕಾದ್ದು ಬೇರೆ: ತುಂಡನ್ನು ಮೇಲಿನಿಂದ ನೋಡುತ್ತ, ಗೆರೆ ಹಿಡಿದು, ಸಣ್ಣ ಕಟರಿನಿಂದ ಬೇಗ ತಿರುಗಿಸಿ ಕೆತ್ತುವ ಸೌಕರ್ಯ.

ರುಡಾಲ್ಫ್ ಬ್ಯಾನೋ ಅಂಥದೇ ಕಸುಬಿನವನು. ಸ್ವೀಡನ್ನಿನಿಂದ ವಲಸೆ ಬಂದು ಕನೆಕ್ಟಿಕಟ್ಟಿನ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ ಪ್ಯಾಟರ್ನ್ ಅಂಗಡಿ ನಡೆಸುತ್ತಿದ್ದ. ಎರಕಕ್ಕೆ ಮೊದಲು ಬೇಕಾಗುವ ಮಾದರಿಗಳನ್ನು ಕೆತ್ತಿಕೊಡುವುದು ಅವನ ಕೆಲಸ. ಮ್ಯಾಗ್ನಸ್ ವಾಲ್‌ಸ್ಟ್ರಾಮ್ ಎಂಬ ಇನ್ನೊಬ್ಬ ಸ್ವೀಡನ್ನಿನವನು ಪಾಲುದಾರನಾದ. 1932ರಲ್ಲಿ, ಅಮೆರಿಕದಲ್ಲಿ ಹೊಸ ಯಂತ್ರ ಕೊಳ್ಳಲು ಯಾರ ಕೈಯಲ್ಲೂ ಕಾಸಿಲ್ಲದ ಹೊತ್ತಿನಲ್ಲಿ, ಇವರು ಮಾರುಕಟ್ಟೆಗೆ ತಂದದ್ದು ಒಂದು ಹೆಡ್ ಮಾತ್ರ: ತನ್ನದೇ ಮೋಟಾರು, ತನ್ನದೇ ನೆಟ್ಟನೆಯ ಸ್ಪಿಂಡಲ್ ಇರುವ, ಇನ್ನೊಂದು ಕಂಪನಿಯ ಅಡ್ಡ ಮಿಲ್ಲಿಂಗ್ ಮಷೀನಿನ ನೆತ್ತಿಗೆ ಬಿಗಿಯಬಹುದಾದ, ವೇಗವಾಗಿ ತಿರುಗುವ ತಲೆ. ನಿಮ್ಮ ಬಳಿ ಇರುವ ಹಳೆಯ ಯಂತ್ರ ಇರಲಿ, ಅದಕ್ಕೆ ಇದೊಂದನ್ನು ಸೇರಿಸಿಕೊಳ್ಳಿ ಎನ್ನುವುದೇ ವ್ಯಾಪಾರ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಬ್ರಿಡ್ಜ್‌ಪೋರ್ಟ್ ಮೊದಲು ಮಾರಿದ್ದು ಒಂದು ಅಪ್‌ಗ್ರೇಡ್. ಈ ತಲೆಗೆ ಸರಿಹೊಂದುವ ಮೈ ಹೇಗಿರಬೇಕೆಂದು 1936ರಲ್ಲಿ ಬ್ಯಾನೋ ಕಂದು ಕಾಗದದ ಚೀಲವೊಂದರ ಮೇಲೆ ಗೀಚಿ ತೋರಿಸಿದ ಎಂಬ ಕತೆಯನ್ನು ಆ ಕಂಪನಿಯ ಇತಿಹಾಸ ಹೇಳುವವರು ಬಿಡುವುದೇ ಇಲ್ಲ. ಚೀಲದ ಕತೆ ಏನೇ ಇರಲಿ, ಪೂರ್ತಿ ಯಂತ್ರ ಬಂದದ್ದು 1938ರಲ್ಲಿ. ಬೇರೆಯವರು ಮೈ ಕಟ್ಟಿ ಆಮೇಲೆ ತಲೆ ಕೂರಿಸುತ್ತಿದ್ದರು. ಇಲ್ಲಿ ತಲೆ ಆರು ವರ್ಷ ಹಿರಿಯದು.

ಆ ಹಿರಿತನ ಯಂತ್ರದ ರೂಪದಲ್ಲೇ ಕಾಣುತ್ತದೆ. ಕಂಬದ ನೆತ್ತಿಯ ಮೇಲೆ ಸುತ್ತಲೂ ತಿರುಗುವ ಟರೆಟ್ ಇದೆ. ಟರೆಟ್ಟಿನ ಮೇಲೆ ಮುಂದಕ್ಕೂ ಹಿಂದಕ್ಕೂ ಜಾರುವ ರಾಮ್. ರಾಮ್‌ನ ಮೂತಿಗೆ ನಾಲ್ಕು ಬೋಲ್ಟುಗಳಿಂದ ಹಿಡಿದ ಹೆಡ್. ಬೋಲ್ಟು ಸಡಿಲಿಸಿದರೆ ಹೆಡ್ ಎಡಕ್ಕೋ ಬಲಕ್ಕೋ ವಾಲುತ್ತದೆ, ಪೂರ್ತಿ ಬಿಚ್ಚಿದರೆ ಕೈಗೆ ಬರುತ್ತದೆ. ಸಣ್ಣ ಎಂ ಹೆಡ್ಡನ್ನು ತೆಗೆದು ಆಮೇಲೆ ಬಂದ ದೊಡ್ಡ ಜೆ ಹೆಡ್ಡನ್ನು ಹಾಕಿಕೊಂಡವರು ಬಹಳ. ಬೆಲ್ಟು ಬದಲಿಸದೆ ವೇಗ ಏರಿಳಿಸಬಲ್ಲ ಹೆಡ್ ಬಂದಾಗ ಅದನ್ನೂ ಅದೇ ಮೂತಿಗೆ ಕೂರಿಸಿದರು. ರಾಮ್‌ನ ಹಿಂಬದಿಯ ತುದಿಯನ್ನೂ ಕಂಪನಿ ಖಾಲಿ ಬಿಟ್ಟಿರಲಿಲ್ಲ. ಅಲ್ಲಿಗೆ ಸ್ಲಾಟಿಂಗ್ ಹೆಡ್ ಬಿಗಿದು, ಟರೆಟ್ ತಿರುಗಿಸಿ ಹಿಂದಿನದನ್ನು ಮುಂದಕ್ಕೆ ತಂದರೆ ಅದೇ ಯಂತ್ರ ಕೀವೇ ಕೊರೆಯುವ ಯಂತ್ರವಾಗುತ್ತಿತ್ತು. ಹೀಗೆ ಸೇರಿಸಲಿ, ತೆಗೆಯಲಿ ಎಂದು ಜಾಗ ಬಿಟ್ಟು ಮಾಡಿದ ಯಂತ್ರ ಇದು. ಕಟರ್ ಹಿಡಿಯುವ ಕೊಲೆಟ್ಟಿಗೆ ಕಂಪನಿ ರೂಢಿಗೆ ತಂದ ಆರ್8 ಎಂಬ ಟೇಪರ್ ಕಾಲಕ್ರಮದಲ್ಲಿ ಇಡೀ ಕುಲಕ್ಕೆ ಒಂದು ಸಾಮಾನ್ಯ ಭಾಷೆಯಾಯಿತು. ತೈವಾನಿನ ಕಾರ್ಖಾನೆಗಳು ತದ್ರೂಪು ಮಾಡತೊಡಗಿದಾಗ ಅದನ್ನೇ ಎತ್ತಿಕೊಂಡವು. ನಕಲು ಮಾಡಿದ್ದು ಮೂಲದ ಕಂಪನಿಗೆ ನಷ್ಟವೇ ಸರಿ. ಹಳೆಯ ಯಂತ್ರ ಇಟ್ಟುಕೊಂಡವನಿಗೆ ಮಾತ್ರ ಅದರಿಂದ ಲಾಭವಾಯಿತು: ಅರ್ಧ ಶತಮಾನದ ಹಿಂದಿನ ಹೆಡ್ಡಿಗೆ ಇವತ್ತೂ ಬಿಡಿಭಾಗ ಸಿಗುತ್ತದೆ.

ಮನೆಗೆ ಬಂದ ಕತೆ ಇದಕ್ಕಿಂತ ತಡವಾಗಿ ಶುರುವಾಗುತ್ತದೆ. ಮನೆಯಲ್ಲಿ ಲೋಹದ ಕೆಲಸ ಮಾಡುವ ಹವ್ಯಾಸ ಹಳೆಯದು; ಲಂಡನ್ನಿನ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ 1898ರಿಂದ ಇದೆ. ಆದರೆ ಬಹುಕಾಲ ಹವ್ಯಾಸಿಯ ಯಂತ್ರವೆಂದರೆ ಲೇತ್ ಒಂದೇ. ಮಿಲ್ಲಿಂಗ್ ಬೇಕೆಂದರೆ ಲೇತಿನ ಕ್ಯಾರೇಜಿಗೆ ವರ್ಟಿಕಲ್ ಸ್ಲೈಡ್ ಎಂಬ ಪುಟ್ಟ ಆಧಾರ ಬಿಗಿದು, ಚಕ್ಕಿನಲ್ಲಿ ಕಟರ್ ಕಚ್ಚಿಸಿ, ಹೇಗೋ ಸುಧಾರಿಸಿಕೊಳ್ಳಬೇಕಿತ್ತು. ಅಮೆರಿಕದಲ್ಲಿ ‘ಹೋಮ್ ಶಾಪ್ ಮಷಿನಿಸ್ಟ್’ ಎಂಬ ಪತ್ರಿಕೆ ಹುಟ್ಟಿದ್ದು 1982ರಲ್ಲಿ, ಮಿಷಿಗನ್ನಿನ ಟ್ರಾವರ್ಸ್ ಸಿಟಿಯಲ್ಲಿ. ಆ ಹೊತ್ತಿಗೆ ಜಪಾನಿನ ಕಂಪ್ಯೂಟರ್ ಚಾಲಿತ ಯಂತ್ರಗಳ ಮುಂದೆ ಅಮೆರಿಕದ ಮಷೀನ್ ಟೂಲ್ ಉದ್ಯಮ ತತ್ತರಿಸುತ್ತಿತ್ತು. ಟೂಲ್‌ರೂಮುಗಳು ಮುಚ್ಚುತ್ತಿದ್ದವು, ಇಲ್ಲವೇ ಕೈಯಿಂದ ನಡೆಸುವ ಯಂತ್ರಗಳನ್ನು ಹೊರಗೆ ಹಾಕುತ್ತಿದ್ದವು. ಬ್ರಿಡ್ಜ್‌ಪೋರ್ಟ್ ಕಂಪನಿಯದೂ ಇದೇ ಹಣೆಬರಹ. 1968ರಲ್ಲಿ ಟೆಕ್ಸ್‌ಟ್ರಾನ್ ಸಮೂಹದ ಕೈಸೇರಿ, ಆಮೇಲೆ ಮತ್ತೆ ಮತ್ತೆ ಒಡೆಯರು ಬದಲಾಗಿ, 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಹಾರ್ಡಿಂಜ್ ಕಂಪನಿಗೆ ಸೇರಿತು. ಅಷ್ಟರಲ್ಲಿ ಈ ಹೆಸರಿನಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಯಂತ್ರಗಳು ಹೊರಬಿದ್ದಿದ್ದವು.

ಇಲ್ಲಿ ಆಕ್ಷೇಪ ಎದ್ದೇಳುತ್ತದೆ. ಇಷ್ಟು ಸಂಖ್ಯೆಯಲ್ಲಿ ಇದ್ದದ್ದು ಅಗ್ಗವಾಗಿ ಸಿಕ್ಕರೆ ಜನ ಕೊಳ್ಳದೆ ಇರುತ್ತಾರೆಯೇ, ಹುಟ್ಟು, ಗುಣ ಎಂದೆಲ್ಲ ಏಕೆ ಎಳೆಯಬೇಕು ಎಂದು. ಸಂಖ್ಯೆಯ ಮಾತನ್ನು ಅಲ್ಲಗಳೆಯಲಾಗದು. ಆದರೆ ಅದೇ ವರ್ಷಗಳಲ್ಲಿ, ಅದೇ ಹರಾಜುಗಳಲ್ಲಿ, ಸಿನ್ಸಿನಾಟಿಯ, ಮಿಲ್ವಾಕಿಯ ಅಡ್ಡ ಮಿಲ್ಲಿಂಗ್ ಮಷೀನುಗಳೂ ಸಾಲಾಗಿ ನಿಂತಿದ್ದವು. ಲೋಹ ತಿನ್ನುವುದರಲ್ಲಿ ಬ್ರಿಡ್ಜ್‌ಪೋರ್ಟ್ ಅವುಗಳ ಮುಂದೆ ಮಗು. ಅವುಗಳನ್ನು ಕಬ್ಬಿಣದ ತೂಕಕ್ಕೆ ಮಾರಿದರೂ ಮನೆಗೆ ಒಯ್ಯುವವರು ವಿರಳ. ಒಂದೇ ಬೃಹತ್ ಎರಕದೊಳಗೆ ಗೇರು, ಶಾಫ್ಟು, ಮೋಟಾರು ಎಲ್ಲ ಹುದುಗಿರುವ ಹಲವು ಟನ್ನಿನ ಯಂತ್ರವನ್ನು ಒಯ್ಯುವುದಾದರೆ ಇಡಿಯಾಗಿ ಒಯ್ಯಬೇಕು. ಬ್ರಿಡ್ಜ್‌ಪೋರ್ಟನ್ನು ಬಿಚ್ಚಿ ಒಯ್ಯಬಹುದು: ಮೊದಲು ಹೆಡ್, ಆಮೇಲೆ ರಾಮ್, ಟೇಬಲ್, ಸ್ಯಾಡಲ್, ನೀ, ಕೊನೆಗೆ ಕಂಬ. ಕಾರಿನ ಎಂಜಿನ್ ಎತ್ತುವ ಪುಟ್ಟ ಕ್ರೇನೊಂದು, ಜೊತೆಗೆ ಇಬ್ಬರು ಗೆಳೆಯರು ಇದ್ದರೆ ನೆಲಮಾಳಿಗೆಯ ಮೆಟ್ಟಿಲನ್ನೂ ಇಳಿಸಿದವರುಂಟು. ತುಂಡು ತುಂಡಾಗಿ ಬಿಚ್ಚುವ ಗುಣ ಮನೆಗಾಗಿ ಕೊಟ್ಟದ್ದಲ್ಲ. ಬೇರೆ ಬೇರೆ ಹುಟ್ಟಿದ ಅಂಗಗಳನ್ನು ಬೋಲ್ಟಿನಲ್ಲಿ ಕೂಡಿಸಿದ್ದರಿಂದ ತಾನಾಗಿ ಬಂದದ್ದು. ಬೆಲೆ ಇಳಿದದ್ದರಿಂದ ಬಾಗಿಲು ತೆರೆಯಿತು ನಿಜ, ಆ ಬಾಗಿಲಲ್ಲಿ ತೂರುವ ಮೈ ಇದ್ದದ್ದು ಇದೊಂದಕ್ಕೆ.

ಮನೆಗೆ ಬಂದ ಮೇಲೆ ಮೊದಲ ತೊಡಕು ಕರೆಂಟು. ಕಾರ್ಖಾನೆಯ ಮೋಟಾರು ತ್ರೀ ಫೇಸ್, ಅಮೆರಿಕದ ಮನೆಗಳಿಗೆ ಬರುವುದು ಸಿಂಗಲ್ ಫೇಸ್. (ನಮ್ಮಲ್ಲಿ ಅರ್ಜಿ ಹಾಕಿದರೆ ಮನೆಗೂ ತ್ರೀ ಫೇಸ್ ಕೊಡುತ್ತಾರೆ, ಈ ಒಂದು ಫಜೀತಿ ನಮ್ಮವರಿಗಿಲ್ಲ.) ಅಲ್ಲಿನವರು ಗುಜರಿಯ ಇನ್ನೊಂದು ತ್ರೀ ಫೇಸ್ ಮೋಟಾರನ್ನು ಸಿಂಗಲ್ ಫೇಸಿನಲ್ಲಿ ಬರಿದೇ ತಿರುಗಲು ಬಿಟ್ಟು, ಅದು ಹುಟ್ಟಿಸುವ ಮೂರನೆಯ ಫೇಸಿನಿಂದ ಯಂತ್ರ ನಡೆಸಿದರು. ಸಿಂಗಲ್ ಫೇಸನ್ನೇ ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಎಂಬ ಪೆಟ್ಟಿಗೆ ಅಗ್ಗವಾದ ಮೇಲೆ ಆ ಗದ್ದಲವೂ ನಿಂತಿತು, ಜೊತೆಗೆ ಗುಂಡಿ ತಿರುಗಿಸಿದಂತೆ ವೇಗ ಬದಲಾಗುವ ಸುಖವೂ ಸಿಕ್ಕಿತು.

ಇದೆಲ್ಲ ಸಣ್ಣದು. ಹಳೆಯ ಯಂತ್ರದ ನಿಜವಾದ ಕಾಯಿಲೆ ಸವೆತ, ಅದನ್ನು ಹತ್ತಿರದಿಂದ ನೋಡಬೇಕು. ಟೇಬಲನ್ನು ಉದ್ದಕ್ಕೆ ನಡೆಸುವ ಲೀಡ್‌ಸ್ಕ್ರೂವಿಗೆ ಇಂಚಿಗೆ ಐದು ಹಲ್ಲು. ಹ್ಯಾಂಡಲ್ ಒಂದು ಸುತ್ತು ಬಂದರೆ ಟೇಬಲ್ ಇಂಚಿನ ಐದರಲ್ಲೊಂದು ಭಾಗ ಸರಿಯುತ್ತದೆ. ಹ್ಯಾಂಡಲಿನ ಹಿಂದಿನ ಡಯಲಿನಲ್ಲಿ 200 ಗೆರೆ, ಒಂದೊಂದು ಗೆರೆ ಇಂಚಿನ ಸಾವಿರದಲ್ಲೊಂದು ಪಾಲು. ನಮ್ಮ ಹಳೆಯ ಟರ್ನರುಗಳ ಬಾಯಲ್ಲಿ ಒಂದು ‘ಥೌ’. ಒಂದು ತೂತಿನಿಂದ 3.785 ಇಂಚು ದೂರದಲ್ಲಿ ಇನ್ನೊಂದು ತೂತು ಬೇಕಾದರೆ ಹದಿನೆಂಟು ಸುತ್ತು ಎಣಿಸಿ, ಮೇಲೆ 185 ಗೆರೆ ಸರಿಸಬೇಕು. ನಡುವೆ ಯಾರೋ ಬಂದು ಮಾತನಾಡಿಸಿ ಲೆಕ್ಕ ಒಂದು ಸುತ್ತು ತಪ್ಪಿತೋ, ತುಂಡು ಗುಜರಿಗೆ. ಇದು ಹೊಸ ಸ್ಕ್ರೂವಿನ ಮಾತಾಯಿತು. ಹಳೆಯದರಲ್ಲಿ, ದಿನದ ಕೆಲಸವೆಲ್ಲ ಟೇಬಲಿನ ನಡುವಿನಲ್ಲೇ ನಡೆದಿರುವುದರಿಂದ, ಸ್ಕ್ರೂವಿನ ನಡುಭಾಗದ ಹಲ್ಲು ಸವೆದು ತೆಳ್ಳಗಾಗಿರುತ್ತದೆ, ತುದಿಗಳ ಹಲ್ಲು ಹೊಸದರಂತೆ ಇರುತ್ತದೆ. ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದರೆ ಅಷ್ಟು ದೂರ ಬರಿದೇ ತಿರುಗುತ್ತದೆ, ಟೇಬಲ್ ಮಿಸುಕುವುದಿಲ್ಲ. ಬ್ಯಾಕ್‌ಲ್ಯಾಶ್ ಎನ್ನುವುದು ಇದನ್ನೇ. ನಟ್ ಬಿಗಿ ಮಾಡಿದರೆ ನಡುವಿನಲ್ಲಿ ಸರಿಹೋಗಿ ತುದಿಗೆ ಹೋದಾಗ ಕಚ್ಚಿಕೊಳ್ಳುತ್ತದೆ. ಹಳಬರು ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುವ ಅಭ್ಯಾಸ ಮಾಡಿಕೊಂಡು ಇದನ್ನು ನಿಭಾಯಿಸಿದರು.

ಡಿಜಿಟಲ್ ರೀಡ್‌ಔಟ್, ಅಂದರೆ ಡಿಆರ್‌ಒ, ಈ ಕಾಯಿಲೆಗೆ ಮದ್ದು ಕೊಡಲಿಲ್ಲ, ಅದನ್ನು ಸುತ್ತಿ ಬಳಸಿ ಹೋಯಿತು. ಟೇಬಲಿನ ಬೆನ್ನಿಗೆ ಗಾಜಿನ ಪಟ್ಟಿಯೊಂದನ್ನು ಬಿಗಿಯುತ್ತಾರೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಒತ್ತಾಗಿ ಗೆರೆಗಳಿರುತ್ತವೆ. ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಸರಿದಾಗ ದೊಡ್ಡ ದೊಡ್ಡ ಅಲೆಗಳು ಓಡುವುದನ್ನು ನೋಡಿರುತ್ತೀರಿ. ಎರಡು ಗೆರೆಪಟ್ಟಿಗಳ ನಡುವೆ ಏಳುವ ಅಂಥದೇ ಅಲೆಯನ್ನು ಬೆಳಕಿನ ಕಣ್ಣೊಂದು ಎಣಿಸುತ್ತದೆ. ಮೊಯ್ರೆ ಎಂಬ ಈ ವಿದ್ಯೆಯನ್ನು ಯಂತ್ರಗಳ ಅಳತೆಗೆ ಪಳಗಿಸಿದ್ದರಲ್ಲಿ 1950ರ ದಶಕದ ಎಡಿನ್‌ಬರೊದ ಫೆರಾಂಟಿ ಕಂಪನಿಯ ಪಾಲು ದೊಡ್ಡದು. ಅಲ್ಲಿ ಯಂತ್ರನಿಯಂತ್ರಣದ ಕೆಲಸದ ಮುಂದಾಳು ಡಿ. ಟಿ. ಎನ್. ವಿಲಿಯಮ್‌ಸನ್, ಹಳೆಯ ರೇಡಿಯೋ, ಹೈಫೈ ಹುಚ್ಚಿನವರಿಗೆ ವಿಲಿಯಮ್‌ಸನ್ ಆಂಪ್ಲಿಫೈಯರ್ ನೆನಪಿರಬಹುದು, ಅದೇ ವಿಲಿಯಮ್‌ಸನ್. ಬಹುಕಾಲ ಕಾರ್ಖಾನೆಗಳಿಗಷ್ಟೇ ಎಟುಕುತ್ತಿದ್ದ ಈ ಗಾಜಿನ ಪಟ್ಟಿ ಈ ಶತಮಾನದಲ್ಲಿ ಚೀನಾದಿಂದ ಐದು ಮೈಕ್ರಾನ್ ತೋರಿಸುವಷ್ಟು ನಯದಲ್ಲಿ, ಹವ್ಯಾಸಿ ಕೊಳ್ಳಬಹುದಾದ ಬೆಲೆಗೆ ಬಂತು. ಪಟ್ಟಿ ನೋಡುವುದು ಟೇಬಲನ್ನು, ಸ್ಕ್ರೂವನ್ನಲ್ಲ. ಸ್ಕ್ರೂ ಎಷ್ಟೇ ಸವೆದಿರಲಿ, ಟೇಬಲ್ ಎಲ್ಲಿದೆ ಎಂಬುದು ಅಂಕೆಯಲ್ಲಿ ಎದುರಿಗೆ ಕಾಣುತ್ತದೆ. ಸುತ್ತು ಎಣಿಸುವ ಗೋಳೂ ಇಲ್ಲ. ಈ ಯಂತ್ರದ ಆಯುಷ್ಯಕ್ಕೆ ಇನ್ನೊಂದು ತಲೆಮಾರನ್ನು ಸೇರಿಸಿದ ಒಂದೇ ಒಂದು ಜೋಡಣೆ ಯಾವುದೆಂದು ಕೇಳಿದರೆ ನಾನು ಇದನ್ನು ಹೇಳುತ್ತೇನೆ, ಕಂಪ್ಯೂಟರನ್ನಲ್ಲ.

ಕಂಪ್ಯೂಟರಿನ ಕತೆಯೂ ಜೋಡಣೆಯದೇ. ಹೆಲಿಕಾಪ್ಟರ್ ರೆಕ್ಕೆಗಳ ವಕ್ರವನ್ನು ಅಂಕೆಗಳಿಂದ ಕತ್ತರಿಸಬೇಕೆಂಬ ಯೋಚನೆ ಹುಟ್ಟಿದ್ದು ಜಾನ್ ಪಾರ್ಸನ್ಸ್‌ಗೆ, ಅದೇ ಟ್ರಾವರ್ಸ್ ಸಿಟಿಯಲ್ಲಿ. ಮುಂದೆ ಹವ್ಯಾಸಿಗಳ ಪತ್ರಿಕೆ ಹುಟ್ಟಿದ ಊರಲ್ಲಿ. 1952ರಲ್ಲಿ ಎಂಐಟಿ ಅದನ್ನು ಮಾಡಿ ತೋರಿಸಿತು. ತೋರಿಸಲು ಹೊಸ ಯಂತ್ರ ಕಟ್ಟಲಿಲ್ಲ. ಸಿನ್ಸಿನಾಟಿ ಕಂಪನಿಯ ಮಿಲ್ಲಿಂಗ್ ಮಷೀನೊಂದಕ್ಕೆ ನೂರಾರು ವಾಲ್ವುಗಳ ಬೀರು ಜೋಡಿಸಿದರು. 1970ರ ದಶಕದ ಉತ್ತರಾರ್ಧದಲ್ಲಿ ಬ್ರಿಡ್ಜ್‌ಪೋರ್ಟ್ ತಾನೇ ಸ್ಟೆಪ್ಪರ್ ಮೋಟಾರು, ಬಾಲ್ ಸ್ಕ್ರೂ ಹಾಕಿ ಬಾಸ್ ಎಂಬ ನಿಯಂತ್ರಕದೊಂದಿಗೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಚಾಲಿತ, ಯಂತ್ರ ಮಾರಿತು. ಆ ಕಾಲದ ಎಲೆಕ್ಟ್ರಾನಿಕ್ಸ್ ಇಪ್ಪತ್ತು ವರ್ಷಕ್ಕೆ ಕೈಕೊಟ್ಟಿತು, ರಿಪೇರಿ ಮಾಡುವವರೂ ಇಲ್ಲವಾದರು. ಎರಕ ಮತ್ತು ಬಾಲ್ ಸ್ಕ್ರೂ ಗಟ್ಟಿಯಾಗಿದ್ದವು. ‘ಸತ್ತ’ ಯಂತ್ರವೆಂದು ಕಾರ್ಖಾನೆ ಕೊಟ್ಟದ್ದನ್ನು ಹವ್ಯಾಸಿಗಳು ಕೊಂಡು, ಬೀರು ಕಿತ್ತೆಸೆದು, ಮನೆಯ ಪಿಸಿ ಜೋಡಿಸಿದರು. ಇದಕ್ಕೆ ಬೇಕಾದ ತಂತ್ರಾಂಶ ಅವರಿಗೆ ಸಿಕ್ಕದ್ದು ಸರ್ಕಾರದಿಂದ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 1990ರ ದಶಕದಲ್ಲಿ ಬರೆಸಿದ ಇಎಂಸಿ ಎಂಬ ನಿಯಂತ್ರಕದ ಮೇಲೆ, ಅಲ್ಲಿನ ಕಾನೂನಿನಂತೆ ಸರ್ಕಾರಿ ಕೃತಿಗೆ ಹಕ್ಕುಸ್ವಾಮ್ಯ ಇಲ್ಲದ ಕಾರಣ, ಯಾರ ಒಡೆತನವೂ ಇರಲಿಲ್ಲ. ಅದೇ ಬೆಳೆದು ಈಗ ಲಿನಕ್ಸ್‌ಸಿಎನ್‌ಸಿ ಆಗಿದೆ.

ಅನುಭವಿ ಮಷಿನಿಸ್ಟರು ಇಲ್ಲಿ ಎತ್ತುವ ಆಕ್ಷೇಪ ಮೊದಲಿನದಕ್ಕಿಂತ ಭಾರವಾದದ್ದು. ಬ್ರಿಡ್ಜ್‌ಪೋರ್ಟ್ ನಡುಗುವ ಯಂತ್ರ, ಉದ್ದಕ್ಕೆ ಚಾಚಿದ ರಾಮ್‌ನ ತುದಿಯಲ್ಲಿ ತಲೆ ನೇತಾಡುತ್ತದೆ, ಅದಕ್ಕೆ ಕಂಪ್ಯೂಟರ್ ಹಾಕುವುದೆಂದರೆ ಮುದಿ ಎತ್ತಿಗೆ ಬೆಳ್ಳಿ ಕೊಂಬಣಸು ತೊಡಿಸಿದಂತೆ ಎಂಬುದು ಅವರ ಮಾತು. ಅರ್ಧ ಒಪ್ಪುತ್ತೇನೆ. ಬಿಡಿಯಾಗಿ ಬಿಚ್ಚುವ ಗುಣಕ್ಕೆ ತೆತ್ತ ಬೆಲೆಯೇ ಆ ನಡುಕ. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವುದು ಸಲ್ಲದು. ಗಂಟೆಗೆ ಇಷ್ಟು ತುಂಡು ಎಂದು ಲೆಕ್ಕ ಹಾಕುವವನು ಇದನ್ನು ಕೊಳ್ಳಬಾರದು. ಮನೆಯ ವರ್ಕ್‌ಶಾಪಿನಲ್ಲಿ ಆ ಲೆಕ್ಕವೇ ಇಲ್ಲ. ಒಂದೇ ಸಲಕ್ಕೆ ಕಾಲಿಂಚು ತಿನ್ನದೆ ನಾಲ್ಕು ಸಲ ತಿಂದರೆ ಅಲ್ಲಿ ಯಾರ ಕೂಲಿಯೂ ಹೆಚ್ಚುವುದಿಲ್ಲ. ಆದರೆ ಆಕ್ಷೇಪದ ಇನ್ನರ್ಧಕ್ಕೆ ಉತ್ತರವಿಲ್ಲ: ಜಾರುದಾರಿ, ಅಂದರೆ ಟೇಬಲ್ ಮತ್ತು ಸ್ಯಾಡಲ್ ಕೂತು ಸರಿಯುವ ಎರಕದ ಮೈ, ಜೋಡಿಸಿಕೊಳ್ಳುವ ಅಂಗವಲ್ಲ. ಅದು ಸವೆದರೆ ಟೇಬಲ್ ತುದಿಗೆ ಹೋದಾಗ ತಕ್ಕಡಿಯಂತೆ ವಾಲುತ್ತದೆ. ಬೆನ್ನಿನ ಗಾಜಿನ ಪಟ್ಟಿಗೆ ಆ ವಾಲುವಿಕೆ ತಿಳಿಯುವುದಿಲ್ಲ, ಪಟ್ಟಿ ಸರಿಯಾದ ಅಂಕೆಯನ್ನೇ ತೋರಿಸುತ್ತಿರುತ್ತದೆ, ತೂತು ಮಾತ್ರ ತಪ್ಪಿದ ಜಾಗದಲ್ಲಿ ಬೀಳುತ್ತದೆ. ಅದನ್ನು ಸರಿಪಡಿಸುವ ದಾರಿ ಹಳೆಯದೇ: ಸಮತಟ್ಟಾದ ಮಾದರಿಗೆ ನೀಲಿ ಬಳಿದು, ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನು ಸ್ಕ್ರೇಪರಿನಿಂದ ಒಂದೊಂದಾಗಿ ಕೆರೆಯುವುದು. ವಾರಗಟ್ಟಲೆ ಕೆಲಸ, ಅದೂ ಕೈ ಬಂದವರಿಗೆ. ಹೀಗಾಗಿ ನನ್ನ ವಾದಕ್ಕೆ ಒಂದು ಗಡಿ ಹಾಕಿಕೊಳ್ಳಬೇಕು. ಜೋಡಣೆಯಿಂದ ಹುಟ್ಟಿದ ಯಂತ್ರ ಜೋಡಣೆಯಿಂದ ಬಾಳುತ್ತದೆ, ಆದರೆ ಜೋಡಣೆ ನಿಲ್ಲಲು ನೆಟ್ಟಗಿನ ನೆಲ ಬೇಕು.

ನಮ್ಮಲ್ಲೂ ಈ ಯಂತ್ರದ ಬಂಧುಗಳಿವೆ. 1953ರಲ್ಲಿ ಶುರುವಾದ ಎಚ್‌ಎಂಟಿ ಈ ಬಗೆಯ ಟರೆಟ್ ಮಿಲ್ಲಿಂಗ್ ಮಷೀನಿಗೆ ಇಟ್ಟ ಹೆಸರು ಎಂ1ಟಿಆರ್. ಆ ಹೆಸರು ಹೇಗೆ ಅಂಟಿಕೊಂಡಿತೆಂದರೆ ಬೆಂಗಳೂರಿನ ಪೀಣ್ಯದ ಟೂಲ್‌ರೂಮುಗಳಲ್ಲಿ ಯಾವ ಕಂಪನಿಯದೇ ಆದರೂ ಈ ರೂಪದ ಯಂತ್ರ ‘ಎಂ1ಟಿಆರ್’ ಎಂದೇ ಕರೆಸಿಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ಎಂ1ಟಿಆರ್ ತಂದು, ಡಿಆರ್‌ಒ ಕೂರಿಸಿ, ಶೀಟಿನ ಕೆಳಗೆ ಇಬ್ಬರು ಮೂವರು ದುಡಿಯುವ ಸಣ್ಣ ಘಟಕಗಳಲ್ಲಿ ಅದು ಹೊಟ್ಟೆಪಾಡು. ಅಮೆರಿಕದ ಗ್ಯಾರೇಜಿನಲ್ಲಿ ಅದು ಬಿಡುವಿನ ವೇಳೆಯ ಸುಖ. ಸೇರಿಸುವ ಅಂಗಗಳು ಮಾತ್ರ ಎರಡೂ ಕಡೆ ಒಂದೇ. ಇದು ಬರೀ ಹಳೆಯ ವಸ್ತುವಿನ ಮೋಹ ಎನ್ನುವವರಿಗೆ ಪೀಣ್ಯವೇ ಉತ್ತರ ಎಂದುಕೊಳ್ಳುತ್ತೇನೆ. ತಿಂಗಳ ಕೊನೆಗೆ ಬಾಡಿಗೆ ಕಟ್ಟಬೇಕಾದವರು ಮೋಹಕ್ಕೆ ಬಿದ್ದು ಯಂತ್ರ ಇಟ್ಟುಕೊಳ್ಳುವುದಿಲ್ಲ.

ಹಾಗಾಗಿ ಹಳೆಯ ಯಂತ್ರ ನೋಡಲು ಹೋದವರು ಹೊಳೆಯುವ ಡಿಆರ್‌ಒ ಪರದೆಯನ್ನೋ ಹೊಸ ಬಣ್ಣವನ್ನೋ ಮೊದಲು ನೋಡಬೇಡಿ. ಟೇಬಲನ್ನು ಒಂದು ತುದಿಗೆ ಸರಿಸಿ, ಎಣ್ಣೆ ಒರೆಸಿ, ಜಾರುದಾರಿಯ ಮೈ ನೋಡಿ. ಕಾರ್ಖಾನೆಯಲ್ಲಿ ಸ್ಕ್ರೇಪರಿನಿಂದ ಬಿಡಿಸಿದ ಅರ್ಧಚಂದ್ರದಂಥ ಗೀರುಗಳು ತುದಿಗಳಲ್ಲಿ ಇದ್ದು ನಡುವಿನಲ್ಲಿ ಅಳಿಸಿಹೋಗಿದ್ದರೆ ಅಲ್ಲಿ ಎಷ್ಟು ಕಬ್ಬಿಣ ಹೋಗಿದೆಯೆಂದು ಲೆಕ್ಕ ಹಾಕಿ. ಆಮೇಲೆ ಬೆಲೆಯ ಮಾತು.